ಸ್ಟೋರ್ಸ್ ತುಂಬ ಮಾಲಿದೆ, ಆದರೂ ಕೆಲಸ ಯಾಕೆ ನಿಲ್ಲುತ್ತದೆ?

ಓದುಗರ ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪ್ಯಾನೆಲ್ ತಯಾರಿಸುತ್ತೇವೆ. ಸ್ಟೋರ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಸಪ್ಲೈಯರ್‌ಗಳ ಬಾಕಿ ಬೆಳೆಯುತ್ತಲೇ ಇದೆ. ಆದರೂ ವಾರಕ್ಕೊಮ್ಮೆಯಾದರೂ ಯಾವುದೋ ಒಂದು ಸಾಮಾನು ಇಲ್ಲದೆ ಹುಡುಗರು ಸುಮ್ಮನೆ ಕೂರುತ್ತಾರೆ. ಇನ್ನೂ ಹೆಚ್ಚು ಸ್ಟಾಕ್ ಇಡಬೇಕೆ?

ಉತ್ತರ: ಬೇಡ. ಈಗಿರುವುದರಲ್ಲೇ ಅರ್ಧ ತಪ್ಪು ಮಾಲು ಇರಬಹುದು. ಮೊದಲು ಒಂದು ಸಣ್ಣ ಲೆಕ್ಕ ನೋಡಿ. ಒಂದು ಪ್ಯಾನೆಲ್‌ಗೆ 12 ಬಗೆಯ ಸಾಮಾನು ಬೇಕು ಅಂದುಕೊಳ್ಳೋಣ. ಪ್ರತಿಯೊಂದೂ ಕೇಳಿದಾಗ ಸಿಗುವ ಸಾಧ್ಯತೆ ಶೇ 95. ಕೇಳಲು ಚೆನ್ನಾಗಿದೆ, ಅಲ್ಲವೆ? ಆದರೆ 12 ಕೂಡ ಒಂದೇ ದಿನ ಒಟ್ಟಿಗೆ ಸಿಗುವ ಸಾಧ್ಯತೆ 0.95 ಅನ್ನು 12 ಸಲ ಗುಣಿಸಿದಷ್ಟು, ಅಂದರೆ ಶೇ 54 ಮಾತ್ರ. ಎರಡು ದಿನಕ್ಕೊಮ್ಮೆ ಏನಾದರೊಂದು ಕೈಕೊಡುತ್ತದೆ. ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ. ಎಲ್ಲದರ ಸ್ಟಾಕನ್ನೂ ಒಂದಿಷ್ಟು ಏರಿಸಿದರೆ ದುಡ್ಡು ಕಟ್ಟಿಬೀಳುತ್ತದೆ, ಜೋಡಿ ಮಾತ್ರ ಕೂಡುವುದಿಲ್ಲ.

ಹೆಚ್ಚಿನ ಸಣ್ಣ ಘಟಕಗಳಲ್ಲಿ ಖರೀದಿ ನಡೆಯುವುದು ‘ತಿಂಗಳಿಗೆ ಸರಾಸರಿ ಇಷ್ಟು ಹೋಗುತ್ತದೆ, ಕಡಿಮೆಯಾದಾಗ ತರಿಸೋಣ’ ಎಂಬ ಅಂದಾಜಿನಲ್ಲಿ. ಅಂಗಡಿಯವನಿಗೆ ಅದು ಸರಿ. ಅವನಲ್ಲಿಗೆ ಗಿರಾಕಿ ದಿನವೂ ಬರುತ್ತಾನೆ. ನಿಮ್ಮ ಕಾಂಟ್ಯಾಕ್ಟರ್‌ಗೆ (ಮೋಟಾರಿಗೆ ಕರೆಂಟ್ ಹಚ್ಚಿ ಆರಿಸುವ ಸ್ವಿಚ್) ಬೇರೆ ಗಿರಾಕಿಯೇ ಇಲ್ಲ, ಪ್ಯಾನೆಲ್ಲೇ ಅದರ ಗಿರಾಕಿ. ಫೆಬ್ರವರಿಯಿಂದ ಮೇವರೆಗೆ ಬೋರ್‌ವೆಲ್ ಮೋಟಾರುಗಳು ಬಿಡುವಿಲ್ಲದೆ ಓಡುತ್ತವೆ, ಸುಡುತ್ತವೆ, ಪ್ಯಾನೆಲ್‌ಗೆ ಬೇಡಿಕೆ ಏರುತ್ತದೆ. ಮಳೆ ಹಿಡಿದ ಮೇಲೆ ಇಳಿಯುತ್ತದೆ. ಇದರ ಸರಾಸರಿ ತೆಗೆದರೆ ಬೇಸಿಗೆಯಲ್ಲಿ ಕೊರತೆ, ಮಳೆಗಾಲದಲ್ಲಿ ಹೊರೆ. ಹೀಗೆ ಇನ್ನೊಂದನ್ನು ಅವಲಂಬಿಸಿದ ಬೇಡಿಕೆಯನ್ನು ಅಂದಾಜು ಮಾಡಬಾರದು, ಲೆಕ್ಕ ಹಾಕಬೇಕು ಎಂದು 1960ರ ದಶಕದಲ್ಲಿ ಅಮೆರಿಕದಲ್ಲಿ ಎಂಜಿನಿಯರ್ ಜೋಸೆಫ್ ಆರ್ಲಿಕಿ ಹೇಳಿದ್ದೇ ಇವತ್ತಿನ ‘ಮಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್’, ಅಂದರೆ ಎಂಆರ್‌ಪಿಯ ಬೇರು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ನಿಮ್ಮ ಅಳತೆಯ ಘಟಕಕ್ಕೆ ಒಂದು ಎಕ್ಸೆಲ್ ಶೀಟ್ ಸಾಕು.

ಆದರೆ ಲೆಕ್ಕಕ್ಕೂ ಮೊದಲು ಹೆಸರುಗಳನ್ನು ಸರಿಮಾಡಿ. ‘ರಿಲೇ: 60’ ಎಂದು ಪುಸ್ತಕದಲ್ಲಿದ್ದರೆ ಅದರಿಂದ ಏನೂ ತಿಳಿಯದು. ಓವರ್‌ಲೋಡ್ ರಿಲೇಗೆ (ಮೋಟಾರು ಹೆಚ್ಚು ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಭಾಗ) ಆಂಪಿಯರ್ ರೇಂಜ್ ಇದೆ. 3 ಎಚ್‌ಪಿ ಮೋಟಾರಿನದು 5 ಎಚ್‌ಪಿಗೆ ಆಗದು. ಆ 60ರಲ್ಲಿ ನಿಮಗೆ ಬೇಕಾದ ರೇಂಜಿನವು 4 ಇರಬಹುದು. ಕಾಂಟ್ಯಾಕ್ಟರ್ ಕಾಯಿಲ್ ಕೂಡ ಹಾಗೆಯೇ: 240 ವೋಲ್ಟ್‌ನದು, 415 ವೋಲ್ಟ್‌ನದು ಹೊರಗಿನಿಂದ ಒಂದೇ ಥರ ಕಾಣುತ್ತವೆ. 240ರ ಕಾಯಿಲ್‌ಗೆ ಎರಡು ಫೇಸಿನ ನಡುವಿನ 415 ಕೊಟ್ಟರೆ ಟೆಸ್ಟಿಂಗ್ ಬೆಂಚಿನ ಮೇಲೇ ಸುಟ್ಟುಹೋಗುತ್ತದೆ. ರೇಂಜ್ ಬೇರೆಯಾದರೆ ಐಟಂ ಕೋಡ್ ಬೇರೆ, ಕಾಯಿಲ್ ಬೇರೆಯಾದರೆ ಕೋಡ್ ಬೇರೆ. ಸ್ಟೋರ್ಸಿನವರು ಇದಕ್ಕೆ ಗೊಣಗುತ್ತಾರೆ, ಗೊಣಗಲಿ.

ಆಮೇಲೆ ಬಿಓಎಂ, ಅಂದರೆ ಒಂದು ಪ್ಯಾನೆಲ್‌ಗೆ ಏನೇನು ಎಷ್ಟೆಷ್ಟು ಎಂಬ ಪಟ್ಟಿ. ಕಾಂಟ್ಯಾಕ್ಟರ್, ರಿಲೇ, ವೋಲ್ಟ್ ಮೀಟರ್, ಆಂಪಿಯರ್ ಮೀಟರ್ ಯಾರೂ ಮರೆಯುವುದಿಲ್ಲ. ಮರೆಯುವುದು ಕೇಬಲ್ ಗ್ಲ್ಯಾಂಡ್, ಬಾಗಿಲಿನ ರಬ್ಬರ್ ಬೀಡಿಂಗ್, ಬೀಗ, ನೇಮ್‌ಪ್ಲೇಟ್, ಪ್ಯಾಕಿಂಗ್ ಪೆಟ್ಟಿಗೆ. ಡಿಸ್‌ಪ್ಯಾಚ್ ದಿನ ಲಾರಿ ನಿಲ್ಲಿಸುವುದೂ ಇವೇ. ವೈರನ್ನು ಮೀಟರ್‌ನಲ್ಲಿ ಬರೆಯಿರಿ, ಕತ್ತರಿಸುವಾಗಿನ ನಷ್ಟ ಸೇರಿಸಿ. ಖರೀದಿ ಕಾಯಿಲ್ (ವೈರಿನ ಸುರುಳಿ) ಲೆಕ್ಕದಲ್ಲಿ, ಬಳಕೆ ಮೀಟರ್ ಲೆಕ್ಕದಲ್ಲಿ ಎಂಬುದನ್ನು ಶೀಟಿಗೆ ಹೇಳಿಕೊಡದಿದ್ದರೆ 4 ಮೀಟರ್ ಬೇಕಾದಲ್ಲಿ 4 ಕಾಯಿಲ್ ಆರ್ಡರ್ ಆಗುತ್ತದೆ.

ಈಗ ಲೆಕ್ಕ. 8ನೇ ವಾರದ ಶನಿವಾರ 5 ಎಚ್‌ಪಿಯ 120 ಮತ್ತು 3 ಎಚ್‌ಪಿಯ 40 ಪ್ಯಾನೆಲ್ ಹೊರಡಬೇಕು. ಎರಡಕ್ಕೂ ಕಾಂಟ್ಯಾಕ್ಟರ್ ಒಂದೇ ಎಂದಿಟ್ಟುಕೊಳ್ಳಿ. ಒಟ್ಟು ಬೇಕಾದದ್ದು 160. ರ‍್ಯಾಕ್‌ನಲ್ಲಿ 58 ಇವೆ, ಅದರಲ್ಲಿ 20 ಬೇರೆ ಆರ್ಡರ್‌ಗೆ ಮೀಸಲು, ಉಳಿದದ್ದು 38. ಹಿಂದೆ ಕೊಟ್ಟ ಪಿಓದಿಂದ (ಖರೀದಿ ಆರ್ಡರ್) 5ನೇ ವಾರ 30 ಬರಲಿವೆ. ಹೆಚ್ಚುಕಮ್ಮಿಯಾದರೆ ಇರಲಿ ಎಂದು ಎತ್ತಿಡುವ ಸೇಫ್ಟಿ ಸ್ಟಾಕ್ 15.

160 − 38 − 30 + 15 = 107

ಸಪ್ಲೈಯರ್ 10ರ ಪೆಟ್ಟಿಗೆಯಲ್ಲಿ ಕೊಟ್ಟರೆ 110ಕ್ಕೆ ಪಿಓ. ಇಲ್ಲೇ ಬಹಳ ಜನ ಎಡವುತ್ತಾರೆ: ಮಾಡೆಲ್‌ಗೊಂದು ಶೀಟ್ ಮಾಡಿ, ಎರಡರಲ್ಲೂ ಅದೇ 38 ಮತ್ತು ಅದೇ 30 ಅನ್ನು ಕಳೆಯುತ್ತಾರೆ. ಆಗ 5 ಎಚ್‌ಪಿಗೆ 67 ಬರುತ್ತದೆ, 3 ಎಚ್‌ಪಿಗೆ ಏನೂ ಬೇಡ ಎಂದು ಬರುತ್ತದೆ. 70 ತರಿಸುತ್ತಾರೆ. ಕೈಯಲ್ಲಿ ಸೇರುವುದು 138. ಸೇಫ್ಟಿ ಸ್ಟಾಕನ್ನೂ ತಿಂದು ಮುಗಿಸಿದ ಮೇಲೆ 22 ಪ್ಯಾನೆಲ್ ಖಾಲಿ ಡಬ್ಬಿಯಾಗಿ ನಿಲ್ಲುತ್ತವೆ. ಒಂದೇ ಕೋಡಿನ ಎಲ್ಲ ಬೇಡಿಕೆಯನ್ನು ಮೊದಲು ಕೂಡಿಸಿ, ನಂತರ ಸ್ಟಾಕ್ ಕಳೆಯಿರಿ.

ಪ್ಯಾನೆಲ್‌ನ ಕಬ್ಬಿಣದ ಪೆಟ್ಟಿಗೆಯದು ಎರಡು ಮೆಟ್ಟಿಲಿನ ಲೆಕ್ಕ. 160 ಬೇಕು, ಬಣ್ಣ ಹೊಡೆದವು 24 ಇವೆ, ಮಾಡಬೇಕಾದ್ದು 136. ಪೌಡರ್ ಕೋಟಿಂಗ್‌ನಲ್ಲಿ ಶೇ 3 ತಿರಸ್ಕೃತವಾಗುತ್ತವೆ ಎಂದಾದರೆ 136 ÷ 0.97, ಅಂದರೆ 141. 8×4 ಅಡಿಯ ಒಂದು ಶೀಟಿನಲ್ಲಿ 5 ಪೆಟ್ಟಿಗೆ ಕತ್ತರಿಸಬಹುದಾದರೆ 29 ಶೀಟ್. 1.2 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಒಂದಕ್ಕೆ ಸುಮಾರು 28 ಕೆ.ಜಿ., ಹಾಗಾಗಿ 812 ಕೆ.ಜಿ. ಆ 24ನ್ನು ನೋಡದೆ ನೇರ 160ಕ್ಕೆ ಲೆಕ್ಕ ಹಾಕಿದ್ದರೆ 33 ಶೀಟ್ ಬರುತ್ತಿತ್ತು. 112 ಕೆ.ಜಿ. ಕಬ್ಬಿಣ ಮೂಲೆಯಲ್ಲಿ ತುಕ್ಕು ಹಿಡಿಯಲು ಅಷ್ಟೇ.

ಎಷ್ಟು ಎಂಬುದಾಯಿತು. ಯಾವಾಗ? ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ವೈರಿಂಗ್, ಟೆಸ್ಟಿಂಗ್‌ಗೆ 7 ಮತ್ತು 8ನೇ ವಾರ. ಆದ್ದರಿಂದ 6ನೇ ವಾರದ ಕೊನೆಗೆ ಎಲ್ಲವೂ ಸ್ಟೋರ್ಸಿನಲ್ಲಿರಬೇಕು. ಕಾಂಟ್ಯಾಕ್ಟರ್‌ಗೆ 3 ವಾರ ಹಿಡಿದರೆ 4ನೇ ವಾರದ ಸೋಮವಾರ ಪಿಓ ಹೋಗಬೇಕು. ಮೀಟರ್‌ಗೆ 4 ವಾರವಾದರೆ 3ನೇ ವಾರದ ಸೋಮವಾರ. ಪೆಟ್ಟಿಗೆಗೆ ಕಟಿಂಗ್, ಬೆಂಡಿಂಗ್, ವೆಲ್ಡಿಂಗ್ 5ನೇ ವಾರ, ಪೌಡರ್ ಕೋಟಿಂಗ್ 6ನೇ ವಾರ. ಶೀಟ್ ಬರಲು ಒಂದು ವಾರ, ಹಾಗಾಗಿ ಅದರ ಪಿಓ ಕೂಡ 4ನೇ ವಾರದ ಸೋಮವಾರವೇ. ಅಂದು ಕೈಯಲ್ಲಿ ದುಡ್ಡಿರಬೇಕು ಎಂಬುದೂ ಇದೇ ಎಕ್ಸೆಲ್ ಶೀಟಿನಲ್ಲಿ ಮೊದಲೇ ಕಾಣಿಸುತ್ತದೆ.

ಮಾಲು ಬರಲು ಹಿಡಿಯುವ ಈ ವಾರಗಳೇ ಲೀಡ್ ಟೈಮ್. ಅದು ಬರೀ ಗಾಡಿ ಓಡುವ ಸಮಯವಲ್ಲ. ಪೀಣ್ಯದಿಂದ ತುಮಕೂರಿಗೆ ಬೆಳಿಗ್ಗೆ ಹೊರಟ ಮಾಲು ಮಧ್ಯಾಹ್ನದೊಳಗೆ ಬಂದೀತು. ಆದರೆ ಕೊಟೇಶನ್, ಅಡ್ವಾನ್ಸ್, ಸಪ್ಲೈಯರ್ ಹತ್ತಿರ ಮುಂದಿರುವ ಸರದಿ, ಲಾರಿ ಲೋಡ್ ತುಂಬುವವರೆಗಿನ ಕಾಯುವಿಕೆ, ನಿಮ್ಮಲ್ಲಿ ತಪಾಸಣೆ, ಎಂಟ್ರಿ ಎಲ್ಲವೂ ಅದರಲ್ಲೇ ಸೇರುತ್ತವೆ. ಕಳೆದ ಹತ್ತು ಪಿಓಗಳನ್ನು ತೆಗೆದು, ಕೊಟ್ಟ ದಿನ ಮತ್ತು ಮಾಲು ಬಳಸಲು ಸಿಕ್ಕ ದಿನ ಪಕ್ಕಪಕ್ಕ ಬರೆಯಿರಿ. ಸಪ್ಲೈಯರ್ ಬಾಯಲ್ಲಿ ಹೇಳುವ ‘ಒಂದು ವಾರ ಸಾರ್’ಗಿಂತ ಅದನ್ನು ನಂಬಿ. ಜತೆಗೆ ಕ್ಯಾಲೆಂಡರ್ ನೋಡಿ. ಆಯುಧಪೂಜೆ, ದೀಪಾವಳಿ, ಯುಗಾದಿಗೆ ಅಂಗಡಿಗಳೂ ಮುಚ್ಚಿರುತ್ತವೆ, ಕೆಲಸದವರೂ ಊರಿಗೆ ಹೋಗಿರುತ್ತಾರೆ. ಶಿವರಾತ್ರಿ ವೇಳೆಗೆ ಸಿದ್ಧಗಂಗಾ ಜಾತ್ರೆ, ಅದು ಬೀಳುವುದೂ ನಿಮ್ಮ ಸೀಸನ್ ಶುರುವಾಗುವ ಹೊತ್ತಿಗೇ.

ಸೇಫ್ಟಿ ಸ್ಟಾಕನ್ನು ಎಲ್ಲದಕ್ಕೂ ‘ಶೇ 20’ ಎಂದು ಹಾಕುವುದು ಸೋಮಾರಿತನ. ಆರಂಭಕ್ಕೆ ಈ ಸೂತ್ರ ಸಾಕು: ದಿನದ ಗರಿಷ್ಠ ಬಳಕೆ × ಗರಿಷ್ಠ ಲೀಡ್ ಟೈಮ್, ಅದರಿಂದ ಸರಾಸರಿ ಬಳಕೆ × ಸರಾಸರಿ ಲೀಡ್ ಟೈಮ್ ಕಳೆಯಿರಿ. ಪುಷ್ ಬಟನ್ ದಿನಕ್ಕೆ ಸರಾಸರಿ 6, ಹೆಚ್ಚೆಂದರೆ 9. ಬರಲು ಸರಾಸರಿ 12 ದಿನ, ತಡವಾದರೆ 16. 144 − 72 = 72. ಇದು ಜಾಸ್ತಿಯೇ, ಏಕೆಂದರೆ ಎರಡೂ ಕೆಟ್ಟ ಸ್ಥಿತಿ ಒಟ್ಟಿಗೆ ಬರುತ್ತವೆ ಎಂದು ಇದು ಎಣಿಸುತ್ತದೆ. ಅಗ್ಗದ ಬಟನ್‌ಗೆ ಪರವಾಗಿಲ್ಲ. ಕಾಂಟ್ಯಾಕ್ಟರ್‌ನಂಥ ದುಬಾರಿ ಸಾಮಾನಿಗೆ ಸ್ಟಾಕ್ ಏರಿಸುವುದಕ್ಕಿಂತ ಎರಡನೇ ಸಪ್ಲೈಯರ್ ಹುಡುಕುವುದು ಲೇಸು. ಸ್ಕ್ರೂ, ಲಗ್, ಕೇಬಲ್ ಟೈಗೆ ಈ ಲೆಕ್ಕವೇ ಬೇಡ. ಎರಡು ಡಬ್ಬಿ ಇಡಿ, ಒಂದು ಖಾಲಿಯಾದ ದಿನ ಆರ್ಡರ್ ಮಾಡಿ. ಸಿಂಗಲ್ ಫೇಸ್ ಪ್ಯಾನೆಲ್ ಕೂಡ ಮಾಡುತ್ತಿದ್ದರೆ ಸ್ಟಾರ್ಟ್ ಕೆಪಾಸಿಟರ್‌ಗಳನ್ನು ರಾಶಿ ಹಾಕಬೇಡಿ. ಎಲೆಕ್ಟ್ರೊಲಿಟಿಕ್ ಆದ್ದರಿಂದ ಬಳಸದೆ ಇಟ್ಟರೂ ಕೆಡುತ್ತಾ ಹೋಗುತ್ತವೆ. ಬಂದ ತಿಂಗಳು ಬರೆದು, ಹಳೆಯದನ್ನೇ ಮೊದಲು ತೆಗೆಯಿರಿ.

ಇಷ್ಟೆಲ್ಲ ಸರಿಯಿದ್ದೂ ಲೆಕ್ಕ ಕೆಡುವುದು ಸ್ಟಾಕ್ ಪುಸ್ತಕ ಸುಳ್ಳು ಹೇಳಿದಾಗ. ಸುಟ್ಟ ಕಾಂಟ್ಯಾಕ್ಟರ್ ಬದಲಿಸಲು ಸರ್ವಿಸ್ ಹುಡುಗ ರ‍್ಯಾಕ್‌ನಿಂದ ಒಂದು ಎತ್ತಿಕೊಂಡು ಹೋಗುತ್ತಾನೆ, ಚೀಟಿ ಇರುವುದಿಲ್ಲ. ಬಿಲ್ ಬಂದ ಮೇಲೆ ಎಂಟ್ರಿ ಮಾಡೋಣ ಎಂದು ಮಾಲನ್ನು ಮೊದಲೇ ಬಳಸಿದರೆ ಕಂಪ್ಯೂಟರ್‌ನಲ್ಲಿ ಸ್ಟಾಕ್ ಮೈನಸ್ ತೋರಿಸುತ್ತದೆ. ಪೌಡರ್ ಕೋಟಿಂಗ್‌ನವರ ಹತ್ತಿರ 40 ಪೆಟ್ಟಿಗೆ ಬಿದ್ದಿರುತ್ತವೆ, ಇಲ್ಲಿ ಅವು ‘ಸ್ಟಾಕ್ ಇದೆ’. ಅವರಲ್ಲಿ ನಿಮ್ಮ ಆರ್‌ಎಎಲ್ 7032 ಬಣ್ಣ ಮುಗಿದಿದೆ ಎಂಬುದು ನಿಮಗೆ ತಿಳಿಯುವುದು ಗಾಡಿ ಕಳಿಸಿದ ಮೇಲೆ. ಜಾಬ್‌ವರ್ಕ್‌ಗೆ ಹೋದದ್ದನ್ನು ಬೇರೆ ಲೊಕೇಶನ್ ಆಗಿ ಬರೆಯಿರಿ, ಚಲನ್ ನಂಬರ್ ಸಮೇತ. ಜಿಎಸ್‌ಟಿ ಪ್ರಕಾರವೂ ಹಾಗೆ ಕಳಿಸಿದ ಕಚ್ಚಾಮಾಲು ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂದಿರುಗಬೇಕು.

ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಎಣಿಸಿದರೆ ಆಡಿಟರ್‌ಗೆ ಸಾಕು, ನಿಮಗೆ ಸಾಲದು. ದಿನವೂ ಬೆಳಿಗ್ಗೆ 5 ಐಟಂ ಎಣಿಸಿ. ದುಬಾರಿ ಐಟಂಗಳ ಸರದಿ ತಿಂಗಳಿಗೊಮ್ಮೆ ಬರಲಿ, ಅವುಗಳಲ್ಲಿ ಒಂದೂ ವ್ಯತ್ಯಾಸ ಬರಬಾರದು. ಅಗ್ಗದವು ವರ್ಷಕ್ಕೆರಡು ಸಲ ಬಂದರೂ ಸಾಕು. ವ್ಯತ್ಯಾಸ ಸಿಕ್ಕರೆ ಬರೀ ಅಂಕಿ ತಿದ್ದಿ ಮುಗಿಸಬೇಡಿ, ಯಾವ ಚೀಟಿ ತಪ್ಪಿತು ಎಂದು ಅವತ್ತೇ ಹುಡುಕಿ.

ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ವಾರದ ಪ್ಯಾನೆಲ್‌ಗಳ ಸಾಮಾನನ್ನು ಗುರುವಾರವೇ ಟ್ರೇಗಳಲ್ಲಿ ಜೋಡಿಸಿಡಿ, 12ರಲ್ಲಿ 12 ಇಲ್ಲದ ಟ್ರೇಯನ್ನು ಲೈನಿಗೆ ಬಿಡಬೇಡಿ. 11 ಇವೆ, ಶುರುಮಾಡೋಣ ಎಂದರೆ ಅರೆಬರೆ ಪ್ಯಾನೆಲ್ ಬೆಂಚ್ ಹಿಡಿದು ಕೂರುತ್ತದೆ, ನಾಳೆ ಇನ್ನೊಂದು ಪ್ಯಾನೆಲ್‌ಗೆ ಅದರ ರಿಲೇ ಕಿತ್ತುಕೊಳ್ಳುತ್ತಾರೆ. ಕೊರತೆ ಗುರುವಾರ ತಿಳಿದರೆ ಶುಕ್ರವಾರ ಬೆಂಗಳೂರಿನ ಎಸ್‌.ಪಿ. ರೋಡಿಗೆ ಒಬ್ಬರನ್ನು ಕಳಿಸಲು ಸಮಯವಿರುತ್ತದೆ.