‘ಬದಲಾದ ಸನ್ನಿವೇಶ’ ಅಂದ್ರೆ ಏನು?

ಡಿವೋರ್ಸ್ ಆಯ್ತು. ಮನೆ ಅಮ್ಮನಿಗೆ, ಮಗನ ಖರ್ಚಿಗೆ ಅಪ್ಪ ತಿಂಗಳಿಗಿಷ್ಟು ಕೊಡಬೇಕು ಅಂತ ಆದೇಶವೂ ಬಂತು. ಎರಡು ವರ್ಷ ಕಳೆದ ಮೇಲೆ ಮಗ ಸ್ಕೂಲ್ ಬ್ಯಾಗು, ಪುಸ್ತಕ ಎಲ್ಲ ಕಟ್ಟಿಕೊಂಡು ಅಪ್ಪನ ಮನೆಗೇ ಬಂದುಬಿಡುತ್ತಾನೆ. ಈಗ ಫೀಸು, ಬಟ್ಟೆ, ಜ್ವರ ಬಂದರೆ ರಾತ್ರಿ ಎದ್ದು ಕೂರೋದು ಎಲ್ಲ ಅಪ್ಪನದೇ, ಆದರೂ ಒಂದನೇ ತಾರೀಕು ಮಗನ ಖರ್ಚಿನ ಹಣ ಮಾತ್ರ ಅಮ್ಮನ ಖಾತೆಗೆ ಹೋಗ್ತಾನೇ ಇದೆ. ಹಳೇ ಆದೇಶ ಬರೆಯುವಾಗ ಇದ್ದ ಸ್ಥಿತಿ ಈಗಿಲ್ಲ. ಕೋರ್ಟಿನಲ್ಲಿ ಇದಕ್ಕೇ ‘ಬದಲಾದ ಸನ್ನಿವೇಶ’ ಅಂತಾರೆ.

ಹಾಗಂತ ಹಳೇ ಲೆಕ್ಕವನ್ನೆಲ್ಲ ಮತ್ತೆ ಬಿಚ್ಚಬಹುದು ಅಂದುಕೊಳ್ಳಬೇಡಿ. ತುಂಬಾ ಜನ ಎಡವೋದು ಇಲ್ಲೇ. ತಿಂಗಳು ತಿಂಗಳು ಕೊಡುವ ಹಣವನ್ನು ಕೋರ್ಟು ಹೆಚ್ಚು ಕಮ್ಮಿ ಮಾಡಬಹುದು, ನಿಲ್ಲಿಸಲೂಬಹುದು. ಭಾರತದ 1955ರ ಹಿಂದೂ ವಿವಾಹ ಕಾಯ್ದೆಯನ್ನೇ ನೋಡಿ: ಗಂಡ ಹೆಂಡತಿಯ ಜೀವನಾಂಶ ಬದಲಿಸೋಕೆ ಸೆಕ್ಷನ್ 25(2), ಮಕ್ಕಳ ಕಸ್ಟಡಿ ಮತ್ತು ಖರ್ಚಿನ ಆದೇಶ ಬದಲಿಸೋಕೆ ಸೆಕ್ಷನ್ 26. ಆದರೆ ಹಂಚಿ ಮುಗಿದ ಮನೆ, ಒಂದೇ ಗಂಟಾಗಿ ಕೊಟ್ಟ ಹಣ ಬೇರೆ ಮಾತು. ಅದನ್ನು ಕೆದಕೋಕೆ ಕೋರ್ಟುಗಳು ಸುಲಭಕ್ಕೆ ಒಪ್ಪಲ್ಲ. ಆಸ್ಟ್ರೇಲಿಯಾದಲ್ಲಿ 1975ರ ಕುಟುಂಬ ಕಾಯ್ದೆಯ ಸೆಕ್ಷನ್ 79ಎ ಆಸ್ತಿಯ ಆದೇಶಕ್ಕೂ ಒಂದು ಕಿಂಡಿ ಬಿಟ್ಟಿದೆ, ಆದರೆ ಅದು ಚಿಕ್ಕದು: ಮಗುವಿನ ಪಾಲನೆಯಲ್ಲಿ ತೀರಾ ಅಸಾಧಾರಣವಾದ ಬದಲಾವಣೆ ಆಗಿರಬೇಕು, ಆದೇಶ ಹಾಗೇ ಉಳಿದರೆ ಮಗುವಿಗೋ ಅದನ್ನು ನೋಡಿಕೊಳ್ಳುವವರಿಗೋ ನಿಜಕ್ಕೂ ಕಷ್ಟ ಆಗುವಂತಿರಬೇಕು. ಮಗು ರಜೆಗೆ ಬಂದು ಒಂದು ತಿಂಗಳು ಜಾಸ್ತಿ ಉಳಿದರೆ ಅದು ಎಲ್ಲೂ ಲೆಕ್ಕಕ್ಕೆ ಬರೋ ಬದಲಾವಣೆ ಅಲ್ಲ ಬಿಡಿ.

ಇನ್ನೊಂದು ತಪ್ಪು ಇದೆ, ನನ್ನ ಪ್ರಕಾರ ಅದೇ ದೊಡ್ಡದು. ‘ಮಗ ನನ್ನ ಹತ್ರನೇ ಇದಾನಲ್ವಾ’ ಅಂತ ಅಪ್ಪ ಸುಮ್ನೆ ಹಣ ನಿಲ್ಲಿಸಿಬಿಡೋದು. ಅಮ್ಮ ವಾಟ್ಸಾಪಿನಲ್ಲಿ ‘ಸರಿ, ಇನ್ನು ಕಳಿಸಬೇಡಿ’ ಅಂದಿದ್ದರೂ ಕೋರ್ಟಿನ ಆದೇಶ ತಾನಾಗಿ ಬದಲಾಗಲ್ಲ. ನಾಳೆ ಇಬ್ಬರಿಗೂ ಜಗಳ ಆದರೆ ಅಷ್ಟೂ ತಿಂಗಳ ಹಣವನ್ನು ಬಾಕಿ ಅಂತ ಕೇಳಬಹುದು. ಆ ಮೆಸೇಜು ಆಗ ಸಾಕ್ಷಿಯಾಗಿ ಒಂದಿಷ್ಟು ಸಹಾಯ ಮಾಡೀತು, ಅಷ್ಟೇ. ಅದಕ್ಕೇ ಮಗು ಮನೆ ಬದಲಿಸಿದ ಕೂಡಲೇ ಕಸ್ಟಡಿ ಮತ್ತು ಹಣ ಎರಡಕ್ಕೂ ಸೇರಿಸಿ ಅರ್ಜಿ ಹಾಕಿ. ಇಬ್ಬರೂ ಒಪ್ಪಿದ್ದರೆ ಅದನ್ನೇ ಬರೆದು ಕೋರ್ಟಿಗೆ ಕೊಡಿ. ಫೀಸಿನ ರಸೀದಿ, ಮಗು ಯಾವ ತಾರೀಕಿನಿಂದ ಯಾರ ಜೊತೆ ಇದೆ ಅನ್ನೋದಕ್ಕೆ ಸ್ಕೂಲಿನ ಪತ್ರ, ಇವೆರಡನ್ನೂ ಇವತ್ತಿನಿಂದಲೇ ಎತ್ತಿಡಿ.