ಆಟಿಸಂ ಸ್ಪೆಕ್ಟ್ರಂ ಎಂದರೇನು?

ಆಟಿಸಂ ಅಥವಾ ಸ್ವಲೀನತೆಯು ಮಗುವಿನ ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ಭಿನ್ನತೆ. ಹೆತ್ತವರ ಪಾಲನೆಯಲ್ಲಾದ ಲೋಪದಿಂದ ಅದು ಬರುವುದಿಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 11 ಮಕ್ಕಳನ್ನು ಗಮನಿಸಿ ಇದನ್ನು ಪ್ರತ್ಯೇಕ ಸ್ಥಿತಿಯೆಂದು ವಿವರಿಸಿದರು. ಮುಂದೆ ಆಸ್ಪರ್ಜರ್ ಸಿಂಡ್ರೋಮ್ ಮೊದಲಾದ ಹೆಸರುಗಳಲ್ಲಿ ಗುರುತಿಸಲಾಗುತ್ತಿದ್ದ ಸ್ಥಿತಿಗಳನ್ನು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಆಟಿಸಂ ಸ್ಪೆಕ್ಟ್ರಂ ಎಂಬ ಒಂದೇ ಹೆಸರಿನಡಿ ತಂದಿತು. ಒಬ್ಬ ಮಗುವಿಗೆ ಮಾತೇ ಬಾರದಿರಬಹುದು, ಇನ್ನೊಬ್ಬಳು ನಿರರ್ಗಳವಾಗಿ ಮಾತನಾಡಿಯೂ ಎದುರಿನವರ ಇಂಗಿತ ತಿಳಿಯದೆ ಕಷ್ಟಪಡಬಹುದು. ಸ್ಪೆಕ್ಟ್ರಂ ಎಂದರೆ ಇಂತಹ ವಿಶಾಲ ವ್ಯಾಪ್ತಿ, ಇಬ್ಬರೂ ಅದರೊಳಗಿನವರೇ.

ವೈದ್ಯರು ಮುಖ್ಯವಾಗಿ ಎರಡು ಬಗೆಯ ಲಕ್ಷಣಗಳನ್ನು ನೋಡುತ್ತಾರೆ. ಮೊದಲನೆಯದು ಒಡನಾಟಕ್ಕೆ ಸಂಬಂಧಿಸಿದ್ದು: ಹೆಸರು ಹಿಡಿದು ಕರೆದರೂ ತಿರುಗದಿರುವುದು, ಕಣ್ಣಿಗೆ ಕಣ್ಣು ಸೇರಿಸದಿರುವುದು, ತನಗೆ ಕಂಡ ಹಕ್ಕಿಯನ್ನೋ ಬಸ್ಸನ್ನೋ ಬೆರಳು ತೋರಿಸಿ ಇತರರೊಂದಿಗೆ ಹಂಚಿಕೊಳ್ಳದಿರುವುದು. ಎರಡನೆಯದು ಒಂದೇ ಕ್ರಿಯೆಯ ಪುನರಾವರ್ತನೆ, ದಿನಚರಿ ಬದಲಾದರೆ ತಡೆಯಲಾಗದ ಕಳವಳ, ಒಂದೇ ವಿಷಯದಲ್ಲಿ ಗಾಢ ಆಸಕ್ತಿ. ಸದ್ದು, ಬೆಳಕು, ಸ್ಪರ್ಶಗಳಿಗೆ ತೋರುವ ಅತಿಯಾದ ಅಥವಾ ತೀರಾ ಕಡಿಮೆ ಪ್ರತಿಕ್ರಿಯೆಯೂ ಇದರೊಳಗೆ ಸೇರುತ್ತದೆ. ಉಡುಪಿಯ ರಥಬೀದಿಯ ಉತ್ಸವದಲ್ಲಿ ಚೆಂಡೆ, ಕದೊನಿ ಎಂಬ ಸಿಡಿಮದ್ದುಗಳ ಸದ್ದಿಗೆ ಕಿವಿ ಮುಚ್ಚಿ ಚೀರುವ ಮಗುವನ್ನು ಹಟಮಾರಿಯೆಂದು ಗದರಿಸುವವರೇ ಹೆಚ್ಚು. ಆ ಸದ್ದು ಅದಕ್ಕೆ ನಿಜವಾಗಿಯೂ ಅಸಹನೀಯವಾಗಿರಬಹುದೆಂದು ಯೋಚಿಸುವವರು ಕಡಿಮೆ.

ಆಟಿಸಂಗೆ ಒಂದೇ ಕಾರಣವೆಂಬುದಿಲ್ಲ, ಆದರೆ ಅನುವಂಶೀಯತೆಯ ಪಾತ್ರ ದೊಡ್ಡದು. ದಡಾರ ಮುಂತಾದ ರೋಗಗಳ ಲಸಿಕೆಗೂ ಇದಕ್ಕೂ ನಂಟು ಕಲ್ಪಿಸಿದ್ದ 1998ರ ಪ್ರಬಂಧವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯು 2010ರಲ್ಲಿ ಹಿಂತೆಗೆದುಕೊಂಡಿದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ನಂಬಿಕೆಯನ್ನು ವಿಶೇಷವಾಗಿ ಪರಿಶೀಲಿಸಬೇಕು. ಮನೆಯಲ್ಲಿ ತುಳು, ನೆರೆಯಲ್ಲಿ ಕೊಂಕಣಿ ಅಥವಾ ಬ್ಯಾರಿ, ಅಂಗನವಾಡಿಯಲ್ಲಿ ಕನ್ನಡ ಇರುವುದರಿಂದ ಮಗುವಿಗೆ ಗೊಂದಲವಾಗಿ ಮಾತು ತಡವಾಗಿದೆ, ಕಾದರೆ ಸರಿಹೋಗುತ್ತದೆ ಎಂದು ಹಿರಿಯರು ಧೈರ್ಯ ಹೇಳುತ್ತಾರೆ. ಬಹುಭಾಷೆಯು ಆಟಿಸಂಗೆ ಕಾರಣವಲ್ಲ. ಹಲವು ಭಾಷೆಗಳ ನಡುವೆ ಬೆಳೆಯುವ ಮಗುವೂ ಮಾತು ಬರುವ ಮೊದಲೇ ಬೆರಳಿನಿಂದ, ನೋಟದಿಂದ, ನಗುವಿನಿಂದ ಸಂವಹನ ನಡೆಸುತ್ತದೆ. ಒಂದೂವರೆ ವರ್ಷವಾದರೂ ಅದು ಕಾಣದಿದ್ದರೆ ಶಾಲೆಗೆ ಸೇರುವವರೆಗೆ ಕಾಯದೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಶ್ರವಣ ಪರೀಕ್ಷೆಯನ್ನೂ ಮಾಡಿಸುವುದು ಅಗತ್ಯ. ಆಟಿಸಂ ಇದೆಯೆಂದು ಖಚಿತವಾದ ಮೇಲೂ ತುಳುವನ್ನು ಬಿಟ್ಟು ಇಂಗ್ಲಿಷಿನಲ್ಲೇ ಮಾತನಾಡಿಸಬೇಕೆಂಬ ಸಲಹೆಗೆ ಆಧಾರವಿಲ್ಲ, ಏಕೆಂದರೆ ವಾಕ್ ಚಿಕಿತ್ಸೆಯಲ್ಲಿ ಕಲಿತದ್ದನ್ನು ಮಗು ದಿನವಿಡೀ ಅಭ್ಯಾಸ ಮಾಡಬೇಕಾದುದು ಮನೆಯವರೊಂದಿಗೆ, ಅವರು ಸಲೀಸಾಗಿ ಆಡುವ ಭಾಷೆಯಲ್ಲಿ.