ಸಂದರ್ಶನಕ್ಕೆ ಕಾಲೇಜ್ ಬ್ಯಾಗ್ ಒಯ್ದರೆ ನಡೆಯುತ್ತಾ?

ಪ್ರಶ್ನೆ: ನಾನು ಯಾದಗಿರಿಯವಳು, ಬಿ.ಕಾಂ. ಮುಗಿಸಿದ್ದೇನೆ. ಬೆಂಗಳೂರಿನ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂದಿದೆ. ಕಲಬುರಗಿಯಲ್ಲೂ ಒಂದೆರಡು ಕಡೆ ಅರ್ಜಿ ಹಾಕಿದ್ದೇನೆ. ನನ್ನ ಹತ್ತಿರ ಇರುವುದು ಕಾಲೇಜಿಗೆ ಬೆನ್ನಿಗೆ ಹಾಕಿಕೊಂಡು ಹೋಗುತ್ತಿದ್ದ ಬ್ಯಾಗ್ ಒಂದೇ. ಅಪ್ಪ ಚರ್ಮದ ಆಫೀಸ್ ಬ್ಯಾಗ್ ಕೊಡಿಸುತ್ತೇನೆ ಅಂತಾರೆ. ಗೆಳತಿ, 'ಒಂದು ಫೈಲ್ ಹಿಡ್ಕೊಂಡು ಹೋದ್ರೆ ಸಾಕು' ಅಂತಾಳೆ. ಯಾವುದು ಸರಿ?

ಉತ್ತರ: ಗೆಳತಿ ಹೇಳಿದ್ದು ಅರ್ಧ ಸರಿ. ಅಪ್ಪನ ದುಡ್ಡು ಸದ್ಯಕ್ಕೆ ಉಳಿಸಿ. ಕಾಲೇಜ್ ಬ್ಯಾಗ್ ಬೆಂಗಳೂರಿನ ರೈಲು ಹತ್ತಲಿ, ಸಂದರ್ಶನದ ಕೋಣೆಗೆ ಮಾತ್ರ ಬೇಡ. ಅಲ್ಲಿಗೆ ಮೇಲ್ಗಡೆ ಜಿಪ್ ಇರುವ, ಕೈಯಲ್ಲೂ ಹಿಡಿಯಬಹುದಾದ, ಹೆಗಲಿಗೂ ಹಾಕಬಹುದಾದ ಒಂದು ಸಾದಾ ಬ್ಯಾಗ್ ಸಾಕು. ಅದು ಮನೆಯಲ್ಲೇ ಇರಬಹುದು. ಅಕ್ಕನದೋ ಅಣ್ಣನದೋ ಆದರೂ ನಡೆಯುತ್ತದೆ.

ಡಿಗ್ರಿ ಫಲಿತಾಂಶ ಬಂದ ಮೇಲೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಎಲ್ಲರೂ ಕೇಳುವುದು ಬಣ್ಣ, ಬ್ರ್ಯಾಂಡು, ಚರ್ಮವೋ ರೆಕ್ಸಿನ್ನೋ ಅಂತ. ಬ್ಯಾಗ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ, ಬ್ಯಾಗ್ ನೋಡಿ ಯಾರೂ ವಾಪಸ್ಸೂ ಕಳಿಸುವುದಿಲ್ಲ. ಅದು ಕೈಕೊಡುವ ಹೊತ್ತು ಒಂದೇ ಒಂದು. 'ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ' ಅಂತ ಎದುರಿಗೆ ಕುಳಿತವರು ಕೇಳಿದಾಗ. ಆಗ ನೀವು ತಲೆ ಬಗ್ಗಿಸಿ, ಮೂರು ಜಿಪ್ ಎಳೆದು, ಚಾರ್ಜರ್ ವೈರ್ ಬಿಡಿಸಿ, ನೀರಿನ ಬಾಟಲಿ ಪಕ್ಕಕ್ಕೆ ಸರಿಸಿ ಹುಡುಕುತ್ತಾ ಕುಳಿತರೆ, ಅಲ್ಲಿಯವರೆಗೆ ಚೆನ್ನಾಗಿ ಆಡಿದ ಮಾತು ಅಲ್ಲೇ ತುಂಡಾಗುತ್ತದೆ.

ಅದಕ್ಕೆ ನಾನು ನೋಡುವುದು ಎರಡೇ. ಬ್ಯಾಗ್ ನೆಲದ ಮೇಲೆ ತಾನಾಗಿ ನಿಲ್ಲುತ್ತಾ? ಫೈಲ್ ಮಡಚದೆ, ಸಿಕ್ಕಿಕೊಳ್ಳದೆ ಒಂದೇ ಎಳೆತಕ್ಕೆ ಹೊರಗೆ ಬರುತ್ತಾ?

ನಿಲ್ಲುವುದು ಯಾಕೆ ಅಷ್ಟು ಮುಖ್ಯ ಅಂದರೆ, ಕೋಣೆಯೊಳಗೆ ಬ್ಯಾಗಿಗೆ ಇರುವ ಜಾಗ ನೆಲ ಒಂದೇ. ಮೇಜಿನ ಮೇಲೆ ಇಡುವ ಹಾಗಿಲ್ಲ, ಅದು ಅವರ ಮೇಜು. ತೊಡೆಯ ಮೇಲೆ ಇಟ್ಟುಕೊಂಡರೆ ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ ಕಾಣುತ್ತೀರಿ, ಕೈ ಆಡಿಸುವುದಕ್ಕೂ ಆಗುವುದಿಲ್ಲ. ಕುರ್ಚಿಯ ಬೆನ್ನಿಗೆ ನೇತುಹಾಕಿದರೆ ಹಗುರ ಕುರ್ಚಿ ಹಿಂದಕ್ಕೆ ವಾಲುತ್ತದೆ. ಕುರ್ಚಿಯ ಕಾಲಿನ ಪಕ್ಕ ನೆಲದಲ್ಲಿ ಇಡಬೇಕು. ಕಾಲೇಜ್ ಬ್ಯಾಗಿನ ಬುಡ ಮೆತ್ತಗೆ, ದುಂಡಗೆ ಇರುತ್ತದೆ. ಇಟ್ಟ ಕೂಡಲೇ ಮಗ್ಗುಲಿಗೆ ಬೀಳುತ್ತದೆ, ಪಟ್ಟಿಗಳು ದಾರಿಗೆ ಅಡ್ಡ ಚಾಚಿಕೊಳ್ಳುತ್ತವೆ. ಅಗಲ, ಗಟ್ಟಿ ಬುಡದ ಬ್ಯಾಗ್ ಆದರೆ ಇಟ್ಟಲ್ಲಿ ಇರುತ್ತದೆ. ನೀವು ಅದನ್ನು ಮರೆತು ಮಾತಾಡಬಹುದು.

ಹೊಸದೇ ಕೊಳ್ಳುವುದಾದರೆ ನಿಮ್ಮ ಫೈಲನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ಬ್ಯಾಗ್‌ಗಳು ಸಾಲಾಗಿ ತೂಗುತ್ತಿರುತ್ತವೆ, ಒಂದೊಂದೂ ಹೊಟ್ಟೆ ತುಂಬಿದಂತೆ ಉಬ್ಬಿಕೊಂಡಿರುತ್ತದೆ. ಒಳಗೆ ತುರುಕಿರುವುದು ರದ್ದಿ ಪೇಪರ್. ಅದು ಇರುವವರೆಗೆ ಎಂಥ ಬ್ಯಾಗೂ ಸೆಟೆದು ನಿಲ್ಲುತ್ತದೆ. ರದ್ದಿ ತೆಗೆಸಿ, ನಿಮ್ಮ ಫೈಲ್ ಒಂದೇ ಹಾಕಿ, ನೆಲದ ಮೇಲಿಟ್ಟು ಕೈ ಬಿಡಿ. ಅಂಗಡಿಯವರು 'ತಗೋರಿ, ಗ್ಯಾರಂಟಿ ಅದ' ಅನ್ನುತ್ತಾರೆ, ಅನ್ನಲಿ. ಕುಸಿದು ಬಿದ್ದರೆ ಮುಂದಿನದು ತೋರಿಸಿ ಅನ್ನಿ. ಹಾಗೇ ಕುರ್ಚಿಯ ಮೇಲೆ ಕುಳಿತು ಒಮ್ಮೆ ಬಗ್ಗಿ ಫೈಲ್ ತೆಗೆದು ನೋಡಿ. ಬಾಯಿ ಚಿಕ್ಕದಿದ್ದರೆ ಫೈಲಿನ ಮೂಲೆ ಜಿಪ್ಪಿಗೆ ತಗುಲುತ್ತದೆ. ವೆಲ್ಕ್ರೋ ಮುಚ್ಚಳದ್ದು ಬೇಡ. ತೆಗೆದಾಗಲೆಲ್ಲ ಚರ್ರ್ ಅಂತ ಸದ್ದು ಬರುತ್ತದೆ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಅಳತೆಯ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಉದ್ದ. ಲೀಗಲ್ ಸೈಜ್ ಹಾಳೆಯ ಉದ್ದ 35.6 ಸೆಂಟಿಮೀಟರ್. ಫೈಲಿನ ರಟ್ಟು ಒಳಗಿನ ಹಾಳೆಗಿಂತ ಎರಡು-ಮೂರು ಸೆಂಟಿಮೀಟರ್ ಜಾಸ್ತಿ ಇರುತ್ತದೆ. ಬ್ಯಾಗಿನ ಮೇಲೆ '14 ಇಂಚು', '15.6 ಇಂಚು' ಅಂತ ಬರೆದಿರುವುದು ಬ್ಯಾಗಿನ ಅಗಲ ಅಲ್ಲ. ಅದು ಲ್ಯಾಪ್‌ಟಾಪ್ ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ. 15.6 ಇಂಚಿನ ಪರದೆಯ ಅಗಲ ಸುಮಾರು 34.5 ಸೆಂಟಿಮೀಟರ್. ಆ ಲ್ಯಾಪ್‌ಟಾಪಿಗೆ ಮಾಡಿದ ಬ್ಯಾಗಿನಲ್ಲಿ ಎ4 ಫೈಲ್ ಆರಾಮಾಗಿ ಕೂರುತ್ತದೆ. 14 ಇಂಚಿನದರಲ್ಲಿ ಸ್ವಲ್ಪ ಬಿಗಿ. ಘಟಿಕೋತ್ಸವದ ಸರ್ಟಿಫಿಕೇಟ್ ಎ4ಗಿಂತ ದೊಡ್ಡದಿದ್ದರೆ ಅದನ್ನೇ ಅಳೆದು, ಅದಕ್ಕೆ ತಕ್ಕ ಫೈಲ್ ತೆಗೆದುಕೊಂಡು, ಆಮೇಲೆ ಬ್ಯಾಗ್ ನೋಡಿ.

ಫೈಲ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಬಿಸಿಲು ಅಂಥದ್ದು. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್-ಮೇ ಬಂತೆಂದರೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಬಸ್ಸಿನ ಕಿಟಕಿ ಪಕ್ಕ ಇಟ್ಟ ಬ್ಯಾಗಿನೊಳಗೆ ಇನ್ನೂ ಬಿಸಿ. ಜೆರಾಕ್ಸ್ ಅಕ್ಷರ ಅಂದರೆ ಶಾಯಿ ಅಲ್ಲ, ಕಾಯಿಸಿ ಕಾಗದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಪುಡಿ. ಮೆತ್ತನೆಯ, ಗಾಜಿನ ಹಾಗೆ ಹೊಳೆಯುವ ಪಿವಿಸಿ ಕವರ್ ಇರುವ ಫೈಲಿನಲ್ಲಿ ಈ ಪುಡಿ ಕವರಿಗೇ ಅಂಟಿಕೊಳ್ಳುತ್ತದೆ. ಆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ಅಕ್ಷರವನ್ನೂ ಮೆತ್ತಗೆ ಮಾಡುತ್ತದೆ. ಹಾಳೆ ಎಳೆದರೆ ಹೆಸರು, ಅಂಕ ಎಲ್ಲ ಕವರಿನ ಮೇಲೆ ಉಲ್ಟಾ ಅಚ್ಚಾಗಿರುತ್ತದೆ, ಹಾಳೆ ಬೋಳು. ತುಸು ಮಬ್ಬಾಗಿ ಕಾಣುವ, ಮುಟ್ಟಿದರೆ ಚರಚರ ಅನ್ನುವ ಕವರ್ ಇರುತ್ತದಲ್ಲ, ಅದು ಪಾಲಿಪ್ರೊಪಿಲೀನ್. ಅದರಲ್ಲಿ ಈ ತೊಂದರೆ ಇಲ್ಲ. ಸ್ಟೇಷನರಿ ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ಕೈಯಿಂದ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಒರಿಜಿನಲ್‌ಗಳಿಗೆ ತೂತು ಹೊಡೆಯಬೇಡಿ. ಇನ್ನೂ ಲ್ಯಾಮಿನೇಷನ್ ಮಾಡಿಸಿಲ್ಲ ಅಂದರೆ ಮಾಡಿಸಲೂ ಬೇಡಿ. ಮುಂದೆ ಯಾವತ್ತಾದರೂ ಹಿಂಬದಿ ಸೀಲ್ ಹಾಕಿಸಬೇಕಾದರೆ ಅದೇ ತಲೆನೋವು.

ಇದೇ ಬಿಸಿಲಿನ ಕಾರಣಕ್ಕೆ ಬೆನ್ನಿನ ಬ್ಯಾಗ್ ನನಗೆ ಹಿಡಿಸುವುದಿಲ್ಲ. ಕೇಂದ್ರ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಾಕು, ಇಸ್ತ್ರಿ ಮಾಡಿದ ಕುರ್ತಾದ ಮೇಲೆ ಬ್ಯಾಗಿನ ಆಕಾರದಲ್ಲೇ ಬೆವರಿನ ಕಲೆ. ಹೆಗಲ ಹತ್ತಿರ ಪಟ್ಟಿಯ ಸುಕ್ಕು. ಸ್ಕೂಟಿಯಲ್ಲಿ ಹೋಗುವವರಿಗೆ ಮಾತ್ರ ಬೆನ್ನಿನ ಬ್ಯಾಗೇ ಅನುಕೂಲ, ಅದು ಒಪ್ಪಬೇಕಾದ ಮಾತು. ಅಂಥವರು ಬುಡ ಗಟ್ಟಿ ಇರುವ, ಮೇಲೆ ಕೈಹಿಡಿಕೆ ಇರುವ ಬ್ಯಾಗ್ ತೆಗೆದುಕೊಳ್ಳಲಿ. ಗಾಡಿ ನಿಲ್ಲಿಸಿದ ಕೂಡಲೇ ಬೆನ್ನಿನಿಂದ ಇಳಿಸಿ ಕೈಯಲ್ಲಿ ಹಿಡಿದರಾಯಿತು.

ನೀವು ಚೂಡಿದಾರ ಹಾಕಿದರೆ ಇನ್ನೊಂದು ಸಂಗತಿ ಇದೆ. ಅಡ್ಡ ಹಾಕುವ ಉದ್ದ ಪಟ್ಟಿ ದುಪಟ್ಟಾವನ್ನು ಎಳೆದು ಹಾಕುತ್ತದೆ, ತೆಗೆಯುವಾಗ ಪಿನ್ನೂ ಕಿತ್ತು ಬರುತ್ತದೆ. ಸೀರೆಯ ನೆರಿಗೆಗೂ ಅದೇ ಗತಿ. ಎರಡು ಗಿಡ್ಡ ಹಿಡಿಕೆಗಳ, ಒಂದೇ ಹೆಗಲಿಗೆ ಹಾಕುವ ಬ್ಯಾಗ್ ಮೇಲು. ಪಿನ್ ಹಾಕದ ಕಡೆಯ ಹೆಗಲಿಗೆ ಹಾಕಿಕೊಳ್ಳಿ. ಇದರ ಜೊತೆಗೆ ಇನ್ನೊಂದು ವ್ಯಾನಿಟಿ ಬ್ಯಾಗ್ ಬೇಡ. ದುಡ್ಡು, ಫೋನ್, ಬಾಚಣಿಗೆ ಎಲ್ಲ ಒಳಗಿನ ಚಿಕ್ಕ ಜೇಬಿನಲ್ಲೇ ಇರಲಿ. ಗಂಡುಮಕ್ಕಳಿಗೆ ಈ ತಾಪತ್ರಯ ಇಲ್ಲ, ಹೆಚ್ಚಂದರೆ ಶರ್ಟಿನ ಕಾಲರ್ ಸರಿಮಾಡಿಕೊಂಡರೆ ಮುಗಿಯಿತು.

ಚರ್ಮದ ಬ್ಯಾಗ್ ಕೆಟ್ಟದ್ದು ಅಂತಲ್ಲ. ಆದರೆ ಚರ್ಮ ಅಂತ ಹೇಳಿ ಮಾರುವ ಎಷ್ಟೋ ಬ್ಯಾಗ್‌ಗಳು ರೆಕ್ಸಿನ್. ಒಳಗಡೆ ಹೊಲಿಗೆ ಮುಗಿಯುವ ಅಂಚು ನೋಡಿ. ದಾರದ ಬಟ್ಟೆ ಇಣುಕಿದರೆ ಅದು ಬಟ್ಟೆಗೆ ಬಳಿದ ಪ್ಲಾಸ್ಟಿಕ್. ಅಗ್ಗದ ರೆಕ್ಸಿನ್ ಬಿಸಿಲು, ಬೆವರು, ತೇವಕ್ಕೆ ಸಿಕ್ಕು ಕೆಲ ವರ್ಷಕ್ಕೆ ಹಿಡಿಕೆಯ ಹತ್ತಿರ ಸಿಪ್ಪೆ ಏಳುತ್ತದೆ. ಆ ಕಪ್ಪು ಚೂರು ಅಂಗೈಗೆ ಹತ್ತಿಕೊಂಡಿರುವಾಗಲೇ ಯಾರಾದರೂ ಕೈಕುಲುಕಲು ಬರುತ್ತಾರೆ. ದುಡ್ಡು ಕಡಿಮೆ ಇದ್ದರೆ ಸುಮ್ನೆ ದಪ್ಪ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯದು ತೆಗೆದುಕೊಳ್ಳಿ. ಒರೆಸಿದರೆ ಸ್ವಚ್ಛ, ಹಗುರವೂ ಹೌದು. ಹಿಡಿಕೆ ಬ್ಯಾಗಿಗೆ ಸೇರುವ ಜಾಗದಲ್ಲಿ ಚೌಕ ಹೊಲಿಗೆ ಹಾಕಿ ನಡುವೆ ಗುಣಾಕಾರದ ಗುರುತಿನಂತೆ ಹೊಲಿದಿದ್ದರೆ ಅದು ಗಟ್ಟಿ ಕೆಲಸ. ಒಂದೇ ಎಳೆ ಅಡ್ಡ ಹೊಲಿಗೆ ಇದ್ದರೆ ಚಮ್ಮಾರರ ಹತ್ತಿರ ಮೊದಲೇ ಇನ್ನೊಂದು ಸುತ್ತು ಹಾಕಿಸಿಕೊಳ್ಳಿ.

ಬಣ್ಣದ ಮಾತು ಬೇಗ ಮುಗಿಸುತ್ತೇನೆ. ಎಲ್ಲರೂ ಕಪ್ಪು ಅಂತಾರೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗೆ ಸಂದರ್ಶನಕ್ಕೆ ಹೋಗಿ ನೋಡಿ, ಗೇಟ್ ಮುಟ್ಟುವಷ್ಟರಲ್ಲಿ ಕಪ್ಪು ಬ್ಯಾಗ್ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಕಡು ಕಂದು ಅಥವಾ ಕಡು ನೀಲಿಯಲ್ಲಿ ಧೂಳು ಅಷ್ಟು ಎದ್ದು ಕಾಣುವುದಿಲ್ಲ. ಕಪ್ಪೇ ಇದ್ದರೆ ಒಂದು ಹಳೆ ಕರವಸ್ತ್ರ ಒಳಗಿರಲಿ, ಚಪ್ಪಲಿ-ಶೂ ಒರೆಸಲೂ ಬರುತ್ತದೆ.

ಈಗ ಬೆಂಗಳೂರಿನ ವಿಚಾರ. ಯಾದಗಿರಿಯಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು, ಅವತ್ತೇ ಸಂದರ್ಶನ ಮುಗಿಸಿ ವಾಪಸ್ ಹೊರಡುವವರೇ ಜಾಸ್ತಿ ಅಲ್ವಾ? ಅವರಿಗೆ ಎರಡು ಬ್ಯಾಗ್ ಬೇಕು. ಕಾಲೇಜ್ ಬ್ಯಾಗಿನಲ್ಲಿ ಬಟ್ಟೆ, ಟವೆಲ್, ಅಮ್ಮ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಸಂದರ್ಶನದ ಬ್ಯಾಗ್ ಬೇರೆ. ಹಿಂಡಿಯ ಎಣ್ಣೆ, ಬೆಳ್ಳುಳ್ಳಿ ವಾಸನೆ ಒಮ್ಮೆ ಮಾರ್ಕ್ಸ್ ಕಾರ್ಡಿಗೆ ಹತ್ತಿದರೆ ಬಿಡುವ ಪೈಕಿ ಅಲ್ಲ. ಇಳಿದ ಮೇಲೆ ದೊಡ್ಡದನ್ನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡಬಹುದು. ಅಲ್ಲಿ ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ, ಟಿಕೆಟ್ಟೂ ಕೇಳುತ್ತಾರೆ. ಕಾಲೇಜ್ ಬ್ಯಾಗಿನ ಜಿಪ್ಪಿಗೆ ಎರಡು ರನ್ನರ್ ಇದ್ದು, ಅವುಗಳ ತೂತಿಗೆ ಸಣ್ಣ ಬೀಗ ಹೋಗುತ್ತದೋ ಇಲ್ಲವೋ ಮನೆಯಲ್ಲೇ ನೋಡಿಕೊಂಡು ಹೊರಡಿ. ಒರಿಜಿನಲ್ ಇರುವ ಬ್ಯಾಗ್ ಮಾತ್ರ ಅಲ್ಲಿ ಇಡಬೇಡಿ. ರೈಲಿನಲ್ಲೂ ಅದು ಸೀಟಿನ ಕೆಳಗೆ ಬೇಡ, ತಲೆಯ ಕಡೆ ಇರಲಿ.

ಲ್ಯಾಪ್‌ಟಾಪ್ ತರಬೇಕು ಅಂತ ಕರೆಪತ್ರದಲ್ಲಿ ಬರೆದಿಲ್ಲದಿದ್ದರೆ ಒಯ್ಯಬೇಡಿ. ದೊಡ್ಡ ಕಂಪನಿಗಳ ಗೇಟಿನಲ್ಲಿ ಅದರ ಸೀರಿಯಲ್ ನಂಬರ್ ಬರೆಸಬೇಕಾಗುತ್ತದೆ, ಹೊರಗೆ ಬರುವಾಗ ಮತ್ತೆ ತೋರಿಸಬೇಕು. ಭಾರವೂ ಸುಮ್ಮನೆ. ಬ್ಯಾಗಿನಲ್ಲಿ ಇರಬೇಕಾದದ್ದು ಕರೆಪತ್ರ, ನಾಲ್ಕೈದು ರೆಸ್ಯೂಮ್ ಪ್ರತಿ, ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಎರಡು ಪೆನ್ನು. ಗುರುತಿನ ಚೀಟಿ ಹೊರಗಿನ ಜೇಬಿನಲ್ಲಿರಲಿ, ಗೇಟಿನಲ್ಲಿ ಮೊದಲು ಕೇಳುವುದೇ ಅದು. ನೀರಿನ ಬಾಟಲಿ ಫೈಲ್ ಇರುವ ಅರೆಯಲ್ಲಿ ಖಂಡಿತ ಬೇಡ.

ಸರ್ಕಾರಿ ಕೆಲಸಕ್ಕೆ ಓದುತ್ತಿರುವವರೂ ಇದೇ ಕೇಳುತ್ತಾರೆ, ಅವರಿಗೆ ಒಂದು ಮಾತು. ಕೇಂದ್ರ ಸರ್ಕಾರದ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿಯಿಂದ ಸಂದರ್ಶನವೇ ಇಲ್ಲ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನಲ್ಲಿ ಕ್ಲರ್ಕ್ ಹುದ್ದೆಗೆ ಸಂದರ್ಶನ ಇಲ್ಲ, ಪಿಒ ಅಂದರೆ ಪ್ರೊಬೇಷನರಿ ಆಫೀಸರ್ ಹುದ್ದೆಗೆ ಇದೆ. ಸಂದರ್ಶನ ಇಲ್ಲದ ಕಡೆ ದಾಖಲೆ ಪರಿಶೀಲನೆ ಇರುತ್ತದೆ. ಅಲ್ಲಿ ಬ್ಯಾಗ್ ಹೇಗಿದ್ದರೂ ನಡೆಯುತ್ತದೆ, ಫೈಲಿನ ಕ್ರಮ ತಪ್ಪಿದರೆ ಕಷ್ಟ. ರಾಜ್ಯ ಸರ್ಕಾರದ ಹುದ್ದೆಯಲ್ಲಿ ಕಲ್ಯಾಣ ಕರ್ನಾಟಕದ ಮೀಸಲಾತಿ ಕೇಳಿದ್ದರೆ 371(ಜೆ) ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಇದ್ದರೆ ಅದೂ, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಡಿಗ್ರಿಯವರೆಗಿನ ಮಾರ್ಕ್ಸ್ ಕಾರ್ಡ್, ಇವೆಲ್ಲ ಅವರು ಕೊಟ್ಟ ಪಟ್ಟಿಯ ಕ್ರಮದಲ್ಲೇ ಇರಲಿ. ಒರಿಜಿನಲ್ ಒಂದು ಫೈಲ್, ಜೆರಾಕ್ಸ್ ಇನ್ನೊಂದು.

ಹಾಗಾದರೆ ಗೆಳತಿ ಹೇಳಿದಂತೆ ಬರೀ ಫೈಲ್ ಹಿಡಿದುಕೊಂಡು ಹೋಗಬಹುದಾ? ಕಲಬುರಗಿಯ ಸಂದರ್ಶನಕ್ಕೆ ಹೋಗಬಹುದು. ಮಳೆಗಾಲ ಅಲ್ಲದಿದ್ದರೆ, ಗಂಟೆಗಟ್ಟಲೆ ಕಾಯುವುದು ಇಲ್ಲದಿದ್ದರೆ ಅಷ್ಟೇ ಸಾಕು. ಕೋಣೆಯೊಳಗೆ ಹೋಗುವ ಮುಂಚೆ ಬ್ಯಾಗಿನಿಂದ ಫೈಲ್ ತೆಗೆದು ಎಡಗೈಯಲ್ಲಿ ಹಿಡಿದುಕೊಳ್ಳಿ ಅಂತ ನಾನೂ ಹೇಳುವುದು. ಬಲಗೈ ಬಾಗಿಲಿಗೆ, ನಮಸ್ಕಾರಕ್ಕೆ ಬಿಡುವಾಗಿರುತ್ತದೆ.

ಅಕ್ಕನ ಬ್ಯಾಗ್ ಎರವಲು ತಂದರೆ ಹಿಂದಿನ ರಾತ್ರಿ ಎಲ್ಲ ಜೇಬೂ ತಲೆಕೆಳಗು ಮಾಡಿ ಜಾಡಿಸಿ. ಬಸ್ ಟಿಕೆಟ್, ಕುಂಕುಮದ ಪೊಟ್ಟಣ, ಅಡಿಕೆ ಚೂರು, ಏನಾದರೂ ಇದ್ದೇ ಇರುತ್ತದೆ. ಕುಂಕುಮ ಇದ್ದರಂತೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದ ಮೇಲೆಯೇ ಫೈಲ್ ಇಡಿ. ಜಿಪ್ ಬಿಗಿಯಾಗಿದ್ದರೆ ಹಲ್ಲುಗಳ ಮೇಲೆ ಮೇಣದಬತ್ತಿ ತಿಕ್ಕಿ ಎರಡು-ಮೂರು ಸಲ ಎಳೆಯಿರಿ, ಸಲೀಸಾಗುತ್ತದೆ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಹಿಡಿದು ಇನ್ನಷ್ಟು ಕಚ್ಚಿಕೊಳ್ಳುತ್ತದೆ.